ಇರುಳ ನೋಟದ ಎರವಲು ದಾರಿ

ಬೆಳಗಾವಿಯ ಬೀದಿದೀಪಗಳನ್ನು ಹಿಂದೆ ಬಿಟ್ಟು ಖಾನಾಪುರದ ಕಾಡನ್ನು ಹೊಕ್ಕ ಪಯಣಿಗನಿಗೆ ಮೊದಲು ಬಣ್ಣಗಳು ಅಳಿಯುತ್ತವೆ. ಅರ್ಧ ಗಂಟೆಯೊಳಗೆ ಮರಗಳ ಆಕಾರ ಮೂಡುತ್ತದೆ. ಹಗಲಿನ ಶಂಕುಕೋಶಗಳಿಂದ ಇರುಳಿನ ದಂಡಕೋಶಗಳಿಗೆ ನೋಟದ ಹೊಣೆ ದಾಟಿದುದರ ಫಲವಿದು. ಈ ವಿಭಾಗವನ್ನು ಜರ್ಮನಿಯ ಮ್ಯಾಕ್ಸ್ ಶುಲ್ಟ್ಜೆ 1866ರಲ್ಲಿ ನಾನಾ ಪ್ರಾಣಿಗಳ ಅಕ್ಷಿಪಟಲಗಳನ್ನು ಹೋಲಿಸಿ ಪ್ರತಿಪಾದಿಸಿದನು. ನಿಶಾಚರಿಗಳಲ್ಲಿ ದಂಡಗಳದೇ ಮೇಲುಗೈ. ಬಾವಲಿಗಳು ಇದಕ್ಕೆ ನಿದರ್ಶನ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ವರ್ಣಿಸಿದ ಬಾವಲಿಯ ಜಾತಿಯೊಂದು ಇದೇ ಖಾನಾಪುರ ತಾಲೂಕಿನ ಬಾರಾಪೆಡೆ ಗುಹೆಗಳದು.

ಕೋಶಗಳು ಎರಡಾದರೆ ದಾರಿಗಳೂ ಎರಡಿರಬೇಕಷ್ಟೆ? 1893ರಲ್ಲಿ ಸ್ಪೇನಿನ ಕಹಾಲ್ ದಂಡಕ್ಕೂ ಶಂಕುವಿಗೂ ಬೇರೆ ಬೇರೆ ದ್ವಿಧ್ರುವ ನರಕೋಶಗಳನ್ನು ಚಿತ್ರಿಸಿದನು. ಇದನ್ನೇ ಕೊನೆಯ ಮಾತೆಂದು ನಾವು ಒಪ್ಪಲಾರೆವು. 1974ರಲ್ಲಿ ಕೋಲ್ಬ್ ಮತ್ತು ಫ್ಯಾಮಿಲಿಯೆಟ್ಟಿ ಬೆಕ್ಕಿನ ಅಕ್ಷಿಪಟಲವನ್ನು ಪರೀಕ್ಷಿಸಿ ಪ್ರಕಟಿಸಿದ ಸಂಗತಿ ಬೇರೆಯೇ ಆಗಿತ್ತು. ದಂಡದ ಸಂಕೇತವು ತನ್ನ ದ್ವಿಧ್ರುವಕೋಶದಿಂದ ನೇರವಾಗಿ ಮುಂದೆ ಹೋಗದೆ, ಎ-2 ಎಂಬ ಅಮಾಕ್ರೈನ್ ಕೋಶವನ್ನು ಹಾಯ್ದು, ಶಂಕುವಿನ ದಾರಿಯನ್ನೇ ಎರವಲು ಪಡೆದು ಗ್ಯಾಂಗ್ಲಿಯನ್ ಕೋಶವನ್ನು ಸೇರುತ್ತದೆ. ವಿಕಾಸದಲ್ಲಿ ಶಂಕುಗಳು ಮೊದಲು, ದಂಡಗಳು ಅನಂತರ ಬಂದವೆಂಬುದನ್ನು ನೆನೆದರೆ ಈ ಎರವಲು ನಮಗೆ ಅಚ್ಚರಿಯೆನಿಸದು. ಇದಲ್ಲದೆ ದಂಡಗಳು ನೆರೆಯ ಶಂಕುಗಳೊಡನೆ ವಿದ್ಯುತ್ ಸಂಪರ್ಕವನ್ನು ಪಡೆದಿವೆ. ಮುಸ್ಸಂಜೆಯ ಬೆಳಕಿನಲ್ಲಿ ಅವುಗಳ ಸಂಕೇತ ಆ ಮಾರ್ಗದಿಂದಲೂ ಸಾಗುತ್ತದೆ.