ಹಾವೇರಿ ಸೀಮೆಯಲ್ಲಿ 'ದಿ' ಕಲಿಸಿದ ಬಗೆ

ಕನ್ನಡದಲ್ಲಿ ಇಂಗ್ಲಿಷಿನ 'ದಿ' ಇಲ್ಲ, ಹಾಗಾಗಿ ನಮ್ಮ ಹುಡುಗರಿಗೆ ಅದು ತಲೆಗೆ ಹತ್ತುವುದಿಲ್ಲ ಎಂಬ ಮಾತು ಹಾವೇರಿ, ರಾಣೇಬೆನ್ನೂರುಗಳ ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಈಗ ಸಲೀಸಾಗಿ ಓಡಾಡುತ್ತಿದೆ. ಕಲಿಸುವವರು ಕೈತೊಳೆದುಕೊಳ್ಳಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ಹಳೆಯ ಕಥೆ ಚಿಕ್ಕದು. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೀರಾಂಪುರದಲ್ಲಿ ಅಚ್ಚಾಯಿತು, 1903ರಲ್ಲಿ ಕಿಟೆಲ್ಲರದು ಬಂತು. ಎರಡೂ ಹೊರಗಿನವರಿಗೆ ಕನ್ನಡ ತಿಳಿಸಲು ಹುಟ್ಟಿದವು. ನಮ್ಮವರಿಗೆ ಇಂಗ್ಲಿಷ್ ಕಲಿಸುವ ಕೆಲಸ ರೆನ್-ಮಾರ್ಟಿನ್ ವ್ಯಾಕರಣ ಪುಸ್ತಕದ ಪಾಲಿಗೆ ಬಿತ್ತು. ಅದರ ನಿಯಮ: ನದಿಗೆ 'ದಿ' ಹಚ್ಚು, ಊರಿಗೆ ಹಚ್ಚಬೇಡ. ಹುಡುಗರು 'ದಿ ಗ್ಯಾಂಜಿಸ್' ಎಂದು ಉರು ಹೊಡೆದರು. ಬಗಲಲ್ಲೇ ಹರಿಯುವ ವರದೆ, ತುಂಗಭದ್ರೆ ಯಾವ ಮಾಸ್ತರರಿಗೂ ನೆನಪಾಗಲಿಲ್ಲ.

ಆಮೇಲೆ ಸಂಸ್ಥೆಗಳ ಕಾಲ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಹೈದರಾಬಾದಿನ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರದು. ಒಂದೇ ಮಾದರಿಯ ವಾಕ್ಯವನ್ನು ಸಾಲುಸಾಲಾಗಿ ಹೇಳಿಸುವ ಪದ್ಧತಿ ಬಂತು. ನಾಲಿಗೆ ಹೊರಳಿತು, ಅಷ್ಟೇ.

ಇಂಗ್ಲಿಷ್ ಬೋಧನೆಯಲ್ಲಿ ನಮ್ಮ ತಲೆಮಾರಿನ ಕಣ್ಣು ತೆರೆಸಿದವರು ಎನ್.ಎಸ್. ಪ್ರಭು. 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ನಡೆದ, 'ಬೆಂಗಳೂರು ಪ್ರಾಜೆಕ್ಟ್' ಎಂದೇ ಜಗತ್ತಿಗೆ ಗೊತ್ತಾದ ಪ್ರಯೋಗದಲ್ಲಿ ಅವರು ವ್ಯಾಕರಣದ ಪಾಠವನ್ನೇ ಬದಿಗಿಟ್ಟರು. ಮಕ್ಕಳ ಮುಂದೆ ನಕಾಶೆ ಇಟ್ಟರು, ರೈಲಿನ ವೇಳಾಪಟ್ಟಿ ಇಟ್ಟರು. ಲೆಕ್ಕ ಬಿಡಿಸಿ, ದಾರಿ ಹುಡುಕಿ ಎಂದರು. ಅರ್ಥದ ಹಿಂದೆ ಬಿದ್ದ ಮನಸ್ಸಿಗೆ ರೂಪ ತಾನಾಗಿ ದಕ್ಕುತ್ತದೆ ಎಂಬುದು ಅವರ ನಂಬಿಕೆ. 1987ರ ಅವರ ಪುಸ್ತಕವನ್ನು ಹೊರದೇಶದವರು ಓದಿದಷ್ಟು ನಾವು ಓದಲಿಲ್ಲ. 2007ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಗೇ ಇಂಗ್ಲಿಷ್ ಇಳಿಯಿತು. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಪ್ರಭು ಅವರ ದಾರಿಯಲ್ಲೂ ಕನ್ನಡಕ್ಕೆ ಕೆಲಸವಿರಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ 'ದಿ' ತೋರಿಸುವ ಭೇದ ಕನ್ನಡದಲ್ಲೂ ಇದೆ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬನ್ನಿ. 'ಮೂಲೆಯಲ್ಲಿ ಚೀಲ ಇದೆ' ಎಂದರೆ ಕೇಳುವವನಿಗೆ ಹೊಸ ಸುದ್ದಿ. ಇಂಗ್ಲಿಷಿನಲ್ಲಿ ಅದು 'ಎ ಬ್ಯಾಗ್'. 'ಚೀಲ ಮೂಲೆಯಲ್ಲಿದೆ' ಎಂದರೆ ಯಾವ ಚೀಲವೆಂದು ಇಬ್ಬರಿಗೂ ಗೊತ್ತು. ಅದು 'ದಿ ಬ್ಯಾಗ್'. 'ಚೀಲ ತಂದೆ', 'ಚೀಲವನ್ನು ತಂದೆ' ಎಂಬಲ್ಲಿಯೂ ಸಾಮಾನ್ಯವಾಗಿ ಇದೇ ವ್ಯತ್ಯಾಸ. (ಮನುಷ್ಯರ ವಿಷಯಕ್ಕೆ ಈ ಸೂತ್ರ ನಡೆಯದು, 'ಒಬ್ಬ ಹುಡುಗನನ್ನು ಕಂಡೆ' ಎಂದೂ ಹೇಳುತ್ತೇವಲ್ಲ.) ಡಬ್ಬಿ, ಕಡ್ಡಿ ತಳಿಗಳನ್ನು ಕಣ್ಣಳತೆಯಲ್ಲೇ ಬೇರ್ಪಡಿಸುವ ಹಮಾಲರ ಮಗನಿಗೆ ಈ ಭೇದ ಬಾಯಲ್ಲೇ ಇದೆ.

ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು 2000ದಲ್ಲಿ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಬರೆದಾಗ ಕನ್ನಡದ ಮೇಷ್ಟರುಗಳು ಜಗಳಕ್ಕೆ ನಿಂತರು, ಇಂಗ್ಲಿಷಿನವರು ತಮ್ಮದಲ್ಲವೆಂದು ಸುಮ್ಮನಿದ್ದರು. ಶಿಕ್ಷಕಿಯಾಗಲು ಓದುವ ಹುಡುಗಿ ಇವತ್ತಿಗೂ '-ಅನ್ನು' ವಿಭಕ್ತಿಯನ್ನು ಒಂದು ಪೀರಿಯಡ್ಡಿನಲ್ಲಿ, ಆರ್ಟಿಕಲ್ಲನ್ನು ಇನ್ನೊಂದರಲ್ಲಿ ಕಲಿಯುತ್ತಾಳೆ. ಆ ಎರಡು ಪೀರಿಯಡ್ಡುಗಳ ಮಾಸ್ತರರು ಒಂದೇ ಸ್ಟಾಫ್‌ರೂಮಿನಲ್ಲಿ ಚಹಾ ಕುಡಿಯುತ್ತಾರೆ.