ಅಡವಿಯ ಹಸೆಮಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಎರಡು ಕೆಲಸಗಳೂ ಕೈಯಲ್ಲಿದ್ದ ಹಣವನ್ನು ಕರಗಿಸಿ, ಇಲ್ಲದ ಹಣವನ್ನು ಸಾಲವಾಗಿ ತರಿಸುತ್ತವೆಂಬುದು ಅದರ ತಾತ್ಪರ್ಯ. ಆದರೆ ಇವೆರಡಕ್ಕೂ ಒಂದು ಭೇದವುಂಟು. ಕಲ್ಲು, ಮರ, ಸುಣ್ಣಗಳಿಲ್ಲದೆ ಮನೆಯಾಗದು. ಮದುವೆಗೆ ಇಂತಹ ಯಾವ ಸಾಮಗ್ರಿ ಇಲ್ಲದೆ ಆಗದು? ಈ ಪ್ರಶ್ನೆಗೆ ನಮ್ಮ ಪುರಾತನ ಗ್ರಂಥಗಳೂ, ಈಚಿನ ಕಾಯಿದೆಗಳೂ, ಮಲೆನಾಡಿನ ಕಾಡಿನ ಮಡಿಲಲ್ಲಿ 1966ರಲ್ಲಿ ನಡೆದ ಒಂದು ಪುಟ್ಟ ಮದುವೆಯೂ ಹೆಚ್ಚು ಕಡಮೆ ಒಂದೇ ಉತ್ತರವನ್ನು ಕೊಡುತ್ತವೆ. ಆ ಉತ್ತರವನ್ನು ಕಾಲಕ್ರಮವಾಗಿ ವಿಚಾರಿಸಿ ನೋಡೋಣ.

ಗೃಹ್ಯಸೂತ್ರಗಳೆಂಬ ಪ್ರಾಚೀನ ಗ್ರಂಥಗಳಲ್ಲಿ ವಿವಾಹದ ವಿಧಿಗಳನ್ನು ಹೇಳಿದೆ. ಪಾಣಿಗ್ರಹಣ, ಲಾಜಾಹೋಮ, ಅಶ್ಮಾರೋಹಣ, ಸಪ್ತಪದಿ, ಅರುಂಧತೀದರ್ಶನ ಇವು ಅವುಗಳಲ್ಲಿ ಮುಖ್ಯವಾದವು. ವರನು ವಧುವಿನ ಕೈ ಹಿಡಿಯುವುದು, ಅರಳನ್ನು ಅಗ್ನಿಗೆ ಅರ್ಪಿಸುವುದು, ವಧು ಕಲ್ಲಿನ ಮೇಲೆ ಕಾಲಿಡುವುದು, ಇಬ್ಬರೂ ಏಳು ಹೆಜ್ಜೆ ಜೊತೆಯಾಗಿ ನಡೆಯುವುದು, ರಾತ್ರಿ ನಕ್ಷತ್ರವನ್ನು ನೋಡುವುದು, ಇಷ್ಟೇ. ಬೇಕಾದುದು ಬೆಂಕಿ, ಕಲ್ಲು, ಒಂದು ಹಿಡಿ ಅರಳು, ತಲೆಯ ಮೇಲೆ ತೆರೆದ ಆಕಾಶ. ಇವುಗಳಲ್ಲಿ ಒಂದಕ್ಕಾದರೂ ಕಲ್ಯಾಣಮಂಟಪ ಬೇಕಿಲ್ಲ. ಎಲ್ಲವೂ ಅಡವಿಯಲ್ಲಿ ದೊರೆಯತಕ್ಕವೇ. ಏಳನೆಯ ಹೆಜ್ಜೆಯನ್ನು ಸಖ್ಯಕ್ಕೆ ಮೀಸಲಿಟ್ಟಿರುವುದನ್ನು ಗಮನಿಸಬೇಕು. ಗೆಳೆತನದಲ್ಲಿ ಮುಗಿಯುವ ಈ ನಡಗೆಗೆ ಆಡಂಬರವು ಅಂಗವಲ್ಲ.

ಹಾಗಾದರೆ ಇಬ್ಬರು ಒಪ್ಪಿದರೆ ಸಾಕೆ? ಮೂರನೆಯವರು ಬೇಡವೆ? ಧರ್ಮಶಾಸ್ತ್ರಕಾರರು ಎಣಿಸಿದ ಎಂಟು ಬಗೆಯ ವಿವಾಹಗಳಲ್ಲಿ ಗಾಂಧರ್ವವೆಂಬುದು ಅಂತಹುದೇ: ಹೆಣ್ಣು ಗಂಡುಗಳ ಪರಸ್ಪರ ಒಪ್ಪಿಗೆಯೇ ಅದರ ಪ್ರಾಣ. ಅಡವಿಯ ಮದುವೆಯೆಂದರೆ ನಮಗೆ ಮೊದಲು ನೆನಪಾಗುವ ಶಕುಂತಲೆಯ ಕಥೆ ಈ ಬಗೆಯದು. ಮಾಲಿನೀ ನದಿಯ ದಡದ ಆಶ್ರಮದಲ್ಲಿ, ಕಣ್ವಮಹರ್ಷಿ ಇಲ್ಲದ ಹೊತ್ತಿನಲ್ಲಿ ದುಷ್ಯಂತನು ಅವಳ ಕೈ ಹಿಡಿದನು. ಕಾಳಿದಾಸನ ನಾಟಕವನ್ನು ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿ ಓದಿದವರಿಗೆ ಉಂಗುರದ ಕಥೆ, ದುರ್ವಾಸರ ಶಾಪ ಎಲ್ಲವೂ ತಿಳಿದಿರುತ್ತದೆ. ಆದರೆ ಮಹಾಭಾರತದ ಮೂಲಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ಮಗನನ್ನು ಕರೆದುಕೊಂಡು ಸಭೆಗೆ ಬಂದ ಶಕುಂತಲೆಯನ್ನು ರಾಜನು ತಿಳಿದೂ ತಿಳಿದೂ ನಿರಾಕರಿಸುತ್ತಾನೆ. ಅಶರೀರವಾಣಿಯಾದ ಮೇಲೆ ಅವನು ಕೊಡುವ ಕಾರಣ ಇದು: ಅವಳ ಮಾತೊಂದನ್ನೇ ನಂಬಿ ಸ್ವೀಕರಿಸಿದ್ದರೆ ಲೋಕವು ಶಂಕಿಸುತ್ತಿತ್ತು. ಅಂದರೆ ಆ ಮದುವೆಗೆ ಪ್ರೀತಿಯ ಕೊರತೆಯಿರಲಿಲ್ಲ, ವಿಧಿಯ ಕೊರತೆಯೂ ಇರಲಿಲ್ಲ, ಸಾಕ್ಷಿಯ ಕೊರತೆಯಿತ್ತು. ಆ ಕೊರತೆಯ ಫಲವನ್ನು ಉಂಡವಳು ಹೆಣ್ಣು.

ಅದೇ ಆದಿಪರ್ವದಲ್ಲಿ ಇನ್ನೊಂದು ಕಾಡಿನ ಮದುವೆಯುಂಟು. ಅರಗಿನ ಮನೆಯಿಂದ ಪಾರಾಗಿ ಬಂದ ಪಾಂಡವರು ಅಡವಿಯಲ್ಲಿ ಅಲೆಯುತ್ತಿದ್ದಾಗ ಹಿಡಿಂಬೆ ಭೀಮನನ್ನು ಮೆಚ್ಚುತ್ತಾಳೆ. ಅವಳು ಗುಟ್ಟಾಗಿ ಅವನನ್ನು ಕರೆದೊಯ್ಯುವುದಿಲ್ಲ. ಕುಂತಿಯ ಮುಂದೆ ಕೈಮುಗಿದು ನಿಂತು ತನ್ನ ಮನಸ್ಸನ್ನು ಬಿಚ್ಚಿ ಹೇಳುತ್ತಾಳೆ. ಧರ್ಮರಾಯನು ಒಪ್ಪಿ, ಹಗಲೆಲ್ಲ ಭೀಮನು ಅವಳೊಡನಿರಬಹುದು, ಕತ್ತಲಾಗುವ ಹೊತ್ತಿಗೆ ಅವನನ್ನು ಮರಳಿ ತಂದುಬಿಡಬೇಕು ಎಂದು ಕಟ್ಟು ಮಾಡುತ್ತಾನೆ. ಮಗನೊಬ್ಬನು ಹುಟ್ಟುವ ತನಕ ಎಂದು ಭೀಮನು ತನ್ನ ಮಾತನ್ನು ಸೇರಿಸುತ್ತಾನೆ. ಒಬ್ಬ ತಾಯಿ, ನಾಲ್ವರು ಒಡಹುಟ್ಟಿದವರು. ದಿಬ್ಬಣವಿಲ್ಲ, ಓಲಗವಿಲ್ಲ, ಊಟದ ಪಂಕ್ತಿಯಿಲ್ಲ. ಆದರೂ ಆ ಸಂಬಂಧವನ್ನು ಯಾರೂ ಎಂದೂ ಪ್ರಶ್ನಿಸಲಿಲ್ಲ. ಘಟೋತ್ಕಚನು ಪಾಂಡವರ ಮಗನಾಗಿಯೇ ಬೆಳೆದು ಕುರುಕ್ಷೇತ್ರದಲ್ಲಿ ಅವರಿಗಾಗಿಯೇ ಮಡಿದನು. ರಾಜನನ್ನು ವರಿಸಿದ ಋಷಿಯ ಸಾಕುಮಗಳಿಗೆ ದೊರೆಯದ ಭದ್ರತೆ ರಾಕ್ಷಸಕುಲದ ಹೆಣ್ಣಿಗೆ ದೊರೆಯಿತು. ಐವರು ಆಪ್ತರು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದೇ ಇದಕ್ಕೆ ಕಾರಣ. ಮದುವೆ ಚಿಕ್ಕದಾಗಿರಬಹುದು, ಗುಟ್ಟಾಗಿರಬಾರದು ಎಂಬ ವಿವೇಕವನ್ನು ಈ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಕಲಿಯಬಹುದು.

ಹೀಗಿರುವಾಗ ಮದುವೆ ಇಷ್ಟು ದೊಡ್ಡದಾದುದು ಹೇಗೆ? ಬರವಣಿಗೆ ಕೆಲವರ ಸೊತ್ತಾಗಿದ್ದ ಕಾಲದಲ್ಲಿ ಊರ ಜನರ ನೆನಪೇ ದಾಖಲೆಯ ಪುಸ್ತಕ. ನೂರು ಜನ ಉಂಡುಹೋದರೆ ನೂರು ನಾಲಗೆಗಳಲ್ಲಿ ಆ ಮದುವೆ ಉಳಿಯುತ್ತಿತ್ತು. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು, ಹಳ್ಳ, ಗುಡ್ಡ. ಅವನ್ನು ದಾಟಿ ಬಂದ ನೆಂಟರು ನಾಲ್ಕು ದಿನ ನಿಲ್ಲುತ್ತಿದ್ದರು. ಆದರೆ ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಅಡಕೆಯ ಮರವನ್ನು ಕಡಿದು ಚಪ್ಪರ ಹಾಕುವವರು ಅವರೇ, ನೀರು ಹೊರುವವರು, ಅಡುಗೆಗೆ ನಿಲ್ಲುವವರು ಅವರೇ. ಅಕ್ಕಿ, ತೆಂಗು, ಬಾಳೆಗೊನೆಗಳು ಮುಯ್ಯಿಯಾಗಿ ಬಂದು, ಮುಂದಿನ ಮದುವೆಯಲ್ಲಿ ಮುಯ್ಯಿಯಾಗಿಯೇ ಹಿಂದಿರುಗುತ್ತಿದ್ದವು. ಹೆಚ್ಚು ಜನ ಸೇರಿದಷ್ಟೂ ಹೊರೆ ಹಂಚಿಹೋಗುತ್ತಿತ್ತು. ಪಟ್ಟಣದಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಚಪ್ಪರಕ್ಕೆ ಬಾಡಿಗೆ, ಅಡುಗೆಗೆ ಗುತ್ತಿಗೆ, ಬಡಿಸುವುದಕ್ಕೆ ಕೂಲಿ. ಹಿಂದೆ ಕೈಗೂಡಿಸುತ್ತಿದ್ದ ನೆಂಟನು ಈಗ ಎಲೆಯ ಲೆಕ್ಕದಲ್ಲಿ ಒಂದು ಖರ್ಚಾದನು. ಪದ್ಧತಿಯ ಆಕಾರ ಉಳಿಯಿತು, ಅದನ್ನು ಹೊತ್ತಿದ್ದ ಹೆಗಲುಗಳು ಉಳಿಯಲಿಲ್ಲ.

ಇದರ ಪರಿಣಾಮ ಪಾಠಶಾಲೆಯ ಹಾಜರಿ ಪುಸ್ತಕದಲ್ಲಿಯೂ ಕಾಣುತ್ತದೆ. ಅಕ್ಕನ ಮದುವೆಯಾದ ವರ್ಷವೇ ತಮ್ಮನು ಶಾಲೆ ಬಿಟ್ಟು ಅಂಗಡಿಗೆ ಸೇರುವುದನ್ನು ನನ್ನ ವೃತ್ತಿಯಲ್ಲಿ ಒಂದೆರಡು ಸಲವಲ್ಲ, ಅನೇಕ ಸಲ ಕಂಡಿದ್ದೇನೆ. ಕೇಳಿದರೆ, 'ಸಾಲ ತೀರಬೇಕಲ್ಲ, ಮೇಷ್ಟ್ರೇ' ಎಂಬ ಉತ್ತರ. ಮೂರು ದಿನದ ಸಂಭ್ರಮಕ್ಕೆ ಒಬ್ಬ ಹುಡುಗನ ವಿದ್ಯೆಯನ್ನು ತೆತ್ತಂತಾಯಿತು.

ಈ ಹೊರೆಯನ್ನು ಇಳಿಸಬೇಕೆಂದು ಯತ್ನಿಸಿದವರು ಹಲವರು. ಪುಣೆಯಲ್ಲಿ ಜೋತಿರಾವ್ ಫುಲೆಯವರು 1873ರಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿ, ಪುರೋಹಿತರಿಲ್ಲದೆ ವಧೂವರರು ತಮ್ಮ ಭಾಷೆಯಲ್ಲಿಯೇ ಪ್ರತಿಜ್ಞೆ ಮಾಡುವ ಸರಳ ವಿವಾಹವನ್ನು ಆರಂಭಿಸಿದರು. ತಮಿಳುನಾಡಿನಲ್ಲಿ ಪೆರಿಯಾರ್ ಅವರ ಸ್ವಾಭಿಮಾನ ಚಳವಳಿಯೂ ಇಂತಹ ಮದುವೆಗಳನ್ನು ನಡೆಸಿತು. ಅವುಗಳಿಗೆ ಕಾನೂನಿನ ಮಾನ್ಯತೆ ಕೊಡುವ ತಿದ್ದುಪಡಿ ಅಲ್ಲಿಯ ಶಾಸನಸಭೆಯಲ್ಲಿ 1967ರಲ್ಲಿ ಅಂಗೀಕಾರವಾಯಿತು. ಬಂಧುಗಳ, ಸ್ನೇಹಿತರ ಅಥವಾ ಇತರರ ಸಮಕ್ಷಮದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡೆವೆಂದು ತಮಗೆ ತಿಳಿದ ಭಾಷೆಯಲ್ಲಿ ನುಡಿದರೆ, ಇಲ್ಲವೆ ಹಾರ, ಉಂಗುರಗಳನ್ನು ತೊಡಿಸಿದರೆ ಅಥವಾ ತಾಳಿ ಕಟ್ಟಿದರೆ ಸಾಕೆಂಬುದು ಅದರ ಸಾರ. ಇಲ್ಲಿಯೂ ಬಿಡದೆ ಉಳಿಸಿಕೊಂಡದ್ದು ಸಾಕ್ಷಿಯನ್ನೇ.

ಕನ್ನಡನಾಡಿನಲ್ಲಿ ಇದೇ ಕೆಲಸ ಆರಂಭವಾದದ್ದು ಸಭೆಯ ವೇದಿಕೆಯ ಮೇಲಲ್ಲ, ಮರಗಳ ನಡುವೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಭೂತನಕಾಡು ಎಂಬ ಸ್ಥಳವಿದೆ, ಹೆಸರಿನಲ್ಲಿಯೇ ಕಾಡು. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಅಧ್ಯಾಪಕ ಹುದ್ದೆಯ ಹಾದಿ ಹಿಡಿಯದೆ ಅಲ್ಲಿ ಕಾಫಿ ತೋಟ ಮಾಡಿಕೊಂಡಿದ್ದರು. ತೋಟಕ್ಕೆ ಚಿತ್ರಕೂಟ ಎಂಬ ಹೆಸರು. ವನವಾಸದ ಮೊದಲ ದಿನಗಳಲ್ಲಿ ಸೀತಾರಾಮಲಕ್ಷ್ಮಣರು ಎಲೆಮನೆ ಕಟ್ಟಿಕೊಂಡಿದ್ದ ಬೆಟ್ಟದ ಹೆಸರಿದು. ಮಲೆನಾಡಿನ ಕಾಫಿ ತೋಟವೆಂದರೆ ಬಯಲಲ್ಲ. ನೆರಳಿಗೆಂದು ಉಳಿಸಿಕೊಂಡ ಕಾಡುಮರಗಳ ಕೆಳಗೇ ಕಾಫಿಯ ಗಿಡ ಬೆಳೆಯುತ್ತದೆ. 1966ರಲ್ಲಿ ಅಲ್ಲಿಯೇ ತೇಜಸ್ವಿಯವರಿಗೂ ಅವರು ಮೆಚ್ಚಿದ ರಾಜೇಶ್ವರಿಯವರಿಗೂ ಮದುವೆಯಾಯಿತು.

ವರನ ತಂದೆ ಯಾರೆಂಬುದನ್ನು ನೆನೆದರೆ ಈ ಮದುವೆಯ ಅರ್ಥ ಸ್ಪಷ್ಟವಾಗುತ್ತದೆ. ಅವರು ಕುವೆಂಪು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು, 1964ರಲ್ಲಿ ರಾಷ್ಟ್ರಕವಿಯೆಂಬ ಗೌರವ ಪಡೆದವರು. ಅವರು ಕರೆದಿದ್ದರೆ ಬಾರದವರು ಯಾರು? ಮೈಸೂರಿನಲ್ಲಿ ಅದೊಂದು ಜಾತ್ರೆಯೇ ಆಗಬಹುದಾಗಿತ್ತು. ಹಾಗಾಗದೆ ಅದು ಆಪ್ತರ ನಡುವೆ ಸರಳವಾಗಿ ನಡೆಯಿತು. ಪುರೋಹಿತರಿಲ್ಲ, ಮುಹೂರ್ತದ ಗಡಿಬಿಡಿಯಿಲ್ಲ, ವರದಕ್ಷಿಣೆಯ ಮಾತಂತೂ ಇಲ್ಲವೇ ಇಲ್ಲ. ಬಡವನು ಸರಳವಾಗಿ ಮದುವೆ ಮಾಡಿದರೆ ಜನ ಅದನ್ನು ಬಡತನವೆನ್ನುತ್ತಾರೆ. ಮಾಡಲು ಶಕ್ತಿಯಿದ್ದವರು ಸರಳವಾಗಿ ಮಾಡಿದಾಗ ಮಾತ್ರ ಅದು ಇತರರಿಗೆ ಧೈರ್ಯವಾಗುತ್ತದೆ. ಚಿತ್ರಕೂಟದ ಮದುವೆಯ ಬೆಲೆ ಇಲ್ಲಿದೆ.

'ಮಂತ್ರಮಾಂಗಲ್ಯ' ಎಂಬ ಪದ್ಧತಿ ನಾಡಿಗೆ ಪರಿಚಯವಾದದ್ದು ಈ ಮದುವೆಯಿಂದ. ಇದರ ಸಂಹಿತೆಯನ್ನು ಸಿದ್ಧಗೊಳಿಸಿದವರು ಕುವೆಂಪು ಅವರೇ. ಅದರಲ್ಲಿ ಉಪನಿಷತ್ತುಗಳ ಗಾಂಭೀರ್ಯವೂ ಉಂಟು, ಎಲ್ಲರಿಗೂ ತಿಳಿಯುವ ಕನ್ನಡದ ಮಾತೂ ಉಂಟು. ಹಿರಿಯರೊಬ್ಬರು ಓದಿಸುತ್ತಾರೆ, ವಧೂವರರು ಅದನ್ನು ತಮ್ಮ ಬಾಯಿಂದಲೇ ನುಡಿಯುತ್ತಾರೆ. ಜಾತಿಮತಗಳ ಮತ್ತು ಮೂಢಾಚಾರಗಳ ಕಟ್ಟಿನಿಂದ ಬಿಡಿಸಿಕೊಂಡೆವೆಂದೂ, ಹೆಣ್ಣು ಗಂಡುಗಳಲ್ಲಿ ಮೇಲು ಕೀಳಿಲ್ಲವೆಂದೂ ಒಪ್ಪಿಕೊಳ್ಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವುಂಟು. ಸಾವಿರ ಜನ ಸೇರಿದ ಮಂಟಪದಲ್ಲಿ ಮಂತ್ರ ಯಾರಿಗೆ ಕೇಳಿಸುತ್ತದೆ? ವಾದ್ಯದವರು ಗಟ್ಟಿಮೇಳ ಊದುತ್ತಾರೆ, ನೆಂಟರು ಊಟದ ಪಂಕ್ತಿಯ ಕಡೆ ನೋಡುತ್ತಾರೆ. ಆಡಿದ ಮಾತು ಪ್ರತಿಯೊಬ್ಬರ ಕಿವಿಗೂ ಬೀಳಬೇಕಾದರೆ ಜನ ಕಡಮೆಯಿರಬೇಕು, ಸ್ಥಳ ನಿಶ್ಶಬ್ದವಾಗಿರಬೇಕು. ಕಾಡು ಈ ಮದುವೆಗೆ ಒದಗಿಸಿದ್ದು ಆ ನಿಶ್ಶಬ್ದವನ್ನು.

ಮರುವರ್ಷ, 1967ರಲ್ಲಿ, ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿ ಪ್ರಕಟವಾಯಿತು. ಅದರ ಚಿನ್ನಮ್ಮ ಒಲ್ಲದ ಮದುವೆಯಿಂದ ತಪ್ಪಿಸಿಕೊಳ್ಳಲು ಕಾಡನ್ನು ಹೊಗುತ್ತಾಳೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಕಥೆ ಅದು. ಅಂದು ಹೆಣ್ಣಿಗೆ ಓಡಿಹೋಗಿ ಅಡಗುವ ಆಶ್ರಯವಾಗಿದ್ದ ಕಾಡು, ಚಿತ್ರಕೂಟದಲ್ಲಿ ಹೆಣ್ಣು ತಾನೇ ಒಪ್ಪಿ ಎಲ್ಲರೆದುರು ಕೈಹಿಡಿಯುವ ಸ್ಥಳವಾಯಿತು.

ಮಂತ್ರಮಾಂಗಲ್ಯ ಚಿತ್ರಕೂಟದಲ್ಲಿಯೇ ಉಳಿಯಲಿಲ್ಲ. ಸಾಹಿತಿಗಳೂ ವಿಚಾರವಂತರೂ ಅದನ್ನು ಕೈಗೊಂಡರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು ಸರಳ ವಿವಾಹವನ್ನು ಹಳ್ಳಿಗಳಿಗೆ ಕೊಂಡೊಯ್ದಿತು. ಮದುವೆಯ ಸಾಲದ ಬಿಸಿ ರೈತನಿಗಿಂತ ಚೆನ್ನಾಗಿ ಬಲ್ಲವರಾರು?

ಇನ್ನು ಕಾನೂನಿನ ಮಾತು. 1954ರ ವಿಶೇಷ ವಿವಾಹ ಕಾಯಿದೆಯಂತೆ ಮೂವತ್ತು ದಿನ ಮುಂಚಿತವಾಗಿ ನೋಟೀಸು ಕೊಟ್ಟು, ವಿವಾಹಾಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಎದುರಿಗೆ ವಧೂವರರು ಪರಸ್ಪರ ಸ್ವೀಕರಿಸಿದೆವೆಂದು ನುಡಿದರೆ ಮದುವೆಯಾಯಿತು. ಇದು ಕಚೇರಿಯಲ್ಲಿಯೇ ನಡೆಯಬೇಕೆಂಬ ಕಟ್ಟಿಲ್ಲ. ಕಚೇರಿಯಿಂದ ಯುಕ್ತವಾದ ದೂರದೊಳಗೆ ವಧೂವರರು ಇಚ್ಛಿಸಿದ ಸ್ಥಳದಲ್ಲಿ, ಅವರು ಇಚ್ಛಿಸಿದ ರೀತಿಯಲ್ಲಿ ನಡೆಸಬಹುದೆಂದು ಕಾಯಿದೆಯೇ ಹೇಳುತ್ತದೆ. ತೋಪಾದರೂ ಸರಿ, ತೋಟವಾದರೂ ಸರಿ. ವಿವಾಹಗಳ ನೋಂದಣಿಗಾಗಿ ಕರ್ನಾಟಕದಲ್ಲಿ 1976ರ ಕಾಯಿದೆಯಿದೆ. ಎಲ್ಲ ಮದುವೆಗಳ ನೋಂದಣಿಯೂ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಹೇಳಿತು. ಯಾವ ರೀತಿಯಲ್ಲಿ ಮದುವೆಯಾದರೂ ನೋಂದಣಿಯನ್ನು ಮರೆಯಬಾರದು. ಹಿಂದೆ ನೂರು ನಾಲಗೆಗಳು ಮಾಡುತ್ತಿದ್ದ ಕೆಲಸವನ್ನು ಈಗ ಆ ಒಂದು ಹಾಳೆ ಮಾಡುತ್ತದೆ. ಶಕುಂತಲೆಯ ಕೈಯಲ್ಲಿ ಅಂತಹ ಹಾಳೆಯೊಂದಿದ್ದರೆ ಅಶರೀರವಾಣಿಯೇ ಬೇಕಿರಲಿಲ್ಲ!

'ಕರೆಯದಿದ್ದರೆ ನೆಂಟರು ಮುನಿಯುವುದಿಲ್ಲವೆ?' ಎಂದು ಮನೆಯ ಹಿರಿಯರು ಕೇಳಬಹುದು. ಮುನಿಯುತ್ತಾರೆ, ನಿಜ. ಆ ಮುನಿಸು ಮುಂದಿನ ಹಬ್ಬದ ಹೋಳಿಗೆಯಲ್ಲಿ ಕರಗುತ್ತದೆ. ಸಾಲ ಹಾಗೆ ಕರಗುವುದಿಲ್ಲ. ಓಲಗವಿಲ್ಲದೆ ಹೇಗೆ ಎನ್ನುವವರ ಮನೆಯಲ್ಲಿ ಬಾನುಲಿಯ ಪೆಟ್ಟಿಗೆಯಿದ್ದೇ ಇದೆ, ಬೆಳಗಿನ ಮಂಗಳವಾದ್ಯಕ್ಕೆ ಯಾರೂ ಸಂಭಾವನೆ ಕೇಳುವುದಿಲ್ಲ. ಮತ್ತೊಂದು ಮಾತು. ಈಚೆಗೆ ಕಾಡಿನಲ್ಲಿ ಮದುವೆಯೆಂಬುದು ಹಣವಂತರ ಹೊಸ ಬಗೆಯ ಷೋಕಿಯೂ ಆಗಿದೆ. ಮಂಟಪ, ದೀಪಗಳ ತೋರಣ, ಧ್ವನಿವರ್ಧಕ ಎಲ್ಲವನ್ನೂ ಲಾರಿಯಲ್ಲಿ ಹೇರಿಕೊಂಡು ಬೆಟ್ಟ ಹತ್ತುತ್ತಾರೆ. ಛತ್ರವನ್ನೇ ಕಾಡಿಗೆ ಹೊತ್ತು ತಂದಂತಾಯಿತು. ಹಕ್ಕಿಗಳು ಹಾರಿಹೋಗುತ್ತವೆ, ಎಲೆತಟ್ಟೆಗಳೂ ಪ್ಲಾಸ್ಟಿಕ್ಕಿನ ಲೋಟಗಳೂ ಉಳಿಯುತ್ತವೆ. ಅಡವಿಯ ಮದುವೆಯ ಗುಣ ಅಡವಿಯಲ್ಲಿಲ್ಲ, ಅದರ ಮಿತಿಯಲ್ಲಿದೆ. ಪಟ್ಟಣದ ಮನೆಯ ಹಿತ್ತಲಲ್ಲಿ, ಒಂದು ಮಾವಿನ ಮರದ ಕೆಳಗೂ ಆ ಗುಣವನ್ನು ಪಡೆಯಬಹುದು.

ಮನೆಯಲ್ಲಿ ಮದುವೆಯ ಮಾತುಕತೆ ನಡೆದಾಗ ಕರೆಯಬೇಕಾದವರ ಪಟ್ಟಿ ಬರೆಯುವುದು ವಾಡಿಕೆ. ಅದಕ್ಕೆ ಮುಂಚೆ ಇನ್ನೊಂದು ಚಿಕ್ಕ ಪಟ್ಟಿಯನ್ನು ಬರೆದು ನೋಡಿರಿ: ನಾಳೆ ಈ ಹುಡುಗಿಗೆ ಕಷ್ಟ ಬಂದರೆ, 'ಆ ದಿನ ನಾನಿದ್ದೆ, ಆ ಮಾತನ್ನು ನಾನು ಕೇಳಿದ್ದೇನೆ' ಎಂದು ಎದ್ದು ನಿಲ್ಲುವವರು ಯಾರು? ಆ ಹೆಸರುಗಳು ಹತ್ತಾಗಲಿ, ಇಪ್ಪತ್ತಾಗಲಿ, ಮದುವೆಗೆ ಅಷ್ಟು ಜನ ಸಾಕು.