ಅಲೆ ಕೆತ್ತಿದವನ ಹೆಸರೇನು?

ಆ ನೀಲಿ ಅಲೆಯನ್ನ ನೀವು ನೋಡೇ ಇರ್ತೀರ. ಕಾಫಿ ಮಗ್ ಮೇಲೆ, ಟೀ ಶರ್ಟ್ ಮೇಲೆ, ಪಕ್ಕದ ಸೀಟಿನವರ ಲ್ಯಾಪ್‌ಟಾಪಿನ ಸ್ಟಿಕ್ಕರಿನಲ್ಲಿ. ಉಗುರು ಚಾಚಿದ ಹಾಗಿರೋ ನೊರೆ, ಅದರ ಕೆಳಗೆ ಮೂರು ದೋಣಿ, ದೂರದಲ್ಲಿ ಪುಟ್ಟದಾಗಿ ಫ್ಯೂಜಿ ಬೆಟ್ಟ. 2024ರಲ್ಲಿ ಜಪಾನ್ ಹೊರತಂದ ಹೊಸ 1000 ಯೆನ್ ನೋಟಿನ ಹಿಂಬದಿಯಲ್ಲೂ ಅದೇ ಅಲೆ. ಯಾರು ಮಾಡಿದ್ದು ಅಂತ ಕೇಳಿದರೆ ಎಲ್ಲರೂ ಹೇಳೋದು ಒಂದೇ ಹೆಸರು: ಹೊಕುಸಾಯ್. ಉತ್ತರ ತಪ್ಪಲ್ಲ. ಆದರೆ ಕಾಲು ಭಾಗ ಮಾತ್ರ ಸರಿ. ಆ ಅಲೆಯನ್ನ ಮರದಲ್ಲಿ ಕೆತ್ತಿದ್ದು ಅವನಲ್ಲ, ಕಾಗದದ ಮೇಲೆ ಅಚ್ಚು ಹಾಕಿದ್ದೂ ಅವನಲ್ಲ.

ಕಾಲ 1831ರ ಆಸುಪಾಸು. ಊರು ಎಡೋ, ಅಂದರೆ ಈಗಿನ ಟೋಕಿಯೋ. ಅಲ್ಲಿ ಮರದಚ್ಚಿನ ಚಿತ್ರ ಅನ್ನೋದು ನಾಲ್ಕು ಜನರ ಟೀಮ್ ವರ್ಕ್. ದುಡ್ಡು ಹಾಕಿ, ಏನು ಮಾರಾಟ ಆಗುತ್ತೆ ಅಂತ ಲೆಕ್ಕ ಹಾಕೋ ಪ್ರಕಾಶಕ. ಚಿತ್ರ ಬರೆಯೋ ಕಲಾವಿದ. ಕೆತ್ತೋನು. ಅಚ್ಚು ಹಾಕೋನು. ಫ್ಯೂಜಿ ಬೆಟ್ಟದ ಈ ಸರಣಿಗೆ ಪ್ರಕಾಶಕ ನಿಶಿಮುರಾಯಾ ಯೊಹಾಚಿ, ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರಾಡಕ್ಟ್ ಓನರ್. ಚಿತ್ರದ ಅಳತೆ ಸುಮಾರು 25 ಸೆಂಟಿಮೀಟರ್ ಎತ್ತರ, 37 ಅಗಲ. ಬೆಲೆ ಒಂದೆರಡು ಬಟ್ಟಲು ನೂಡಲ್ಸಿನಷ್ಟು. ಮ್ಯೂಸಿಯಂಗೆ ಅಂತ ಮಾಡಿದ್ದಲ್ಲ, ಪೇಟೆ ಜನ ಕೊಂಡು ಮನೆಗೆ ಒಯ್ಯಲಿ ಅಂತ ಮಾಡಿದ್ದು.

ಈಗ ಕೆಲಸ ಹೇಗೆ ನಡೀತಿತ್ತು ನೋಡಿ. ಕಲಾವಿದ ತೆಳು ಕಾಗದದ ಮೇಲೆ ಬರೀ ಗೆರೆಗಳಲ್ಲಿ ಚಿತ್ರ ಬರೆದುಕೊಡ್ತಾನೆ. ಕೆತ್ತೋನು ಅದನ್ನ ಮಗುಚಿ ಕಾಡು ಚೆರಿ ಮರದ ಹಲಗೆಗೆ ಅಂಟಿಸ್ತಾನೆ. ಚೆರಿಯೇ ಯಾಕೆ? ಬಡಗಿ ಕೆಲಸ ನೋಡುತ್ತಾ ಬೆಳೆದವರಿಗೆ ಇದು ಬೇಗ ಅರ್ಥ ಆಗುತ್ತೆ. ಮೆದು ಮರದಲ್ಲಿ ಸಣ್ಣ ಗೆರೆ ನಿಲ್ಲಲ್ಲ. ಎಳೆ ಒರಟಾಗಿದ್ದರೆ ಉಳಿ ತನ್ನಿಷ್ಟ ಬಂದ ಕಡೆ ಹೋಗುತ್ತೆ. ಚೆರಿ ಗಟ್ಟಿ, ಎಳೆ ನುಣುಪು, ಸಾವಿರಾರು ಸಲ ತಿಕ್ಕಿಸಿಕೊಂಡರೂ ತಡೆಯುತ್ತೆ.

ಅಂಟಿಸಿದ ಕಾಗದದ ಮೂಲಕ ಕಾಣೋ ಪ್ರತಿ ಗೆರೆಯ ಎರಡೂ ಬದಿಗೆ ಚಾಕುವಿನಿಂದ ಸೀಳಬೇಕು. ಆಮೇಲೆ ನಡುವಿನ ಖಾಲಿ ಜಾಗದ ಮರವನ್ನ ಉಳಿ, ಸುತ್ತಿಗೆಯಿಂದ ತೆಗೀಬೇಕು. ಗೆರೆ ಮಾತ್ರ ದಿಣ್ಣೆಯ ಹಾಗೆ ಉಳಿಯುತ್ತೆ. ಇಲ್ಲೊಂದು ವಿಚಿತ್ರ ಇದೆ. ಹೊಕುಸಾಯ್ ಬರೆದ ಕಾಗದವೂ ಮರದ ಚೂರುಗಳ ಜೊತೆಗೇ ಎದ್ದು ಹೋಗುತ್ತೆ. ಅಂದರೆ ಈ ಅಲೆಗೆ ‘ಒರಿಜಿನಲ್’ ಅನ್ನೋದೇ ಇಲ್ಲ. ಬ್ಯಾಕಪ್ ಇಲ್ಲದ ಫೈಲ್. ಕೆತ್ತೋನು ಎಡವಿದರೆ ಎಲ್ಲ ಹೋಯ್ತು.

ಗೆರೆಯ ಹಲಗೆ ಮುಗಿದ ಮೇಲೆ ಬಣ್ಣದ ಸರದಿ. ಒಂದೊಂದು ಬಣ್ಣಕ್ಕೂ ಬೇರೆ ಹಲಗೆ, ಅಥವಾ ಅದೇ ಹಲಗೆಯ ಇನ್ನೊಂದು ಮೈ. ಫೋಟೋಶಾಪಿನ ಲೇಯರ್ ಥರ. ಆದರೆ ಒಂದರ ಮೇಲೊಂದು ಸರಿಯಾಗಿ ಕೂರೋದು ಹೇಗೆ? ಇದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ. ಗೆರೆಯ ಹಲಗೆಯಲ್ಲೇ ಒಂದು ಮೂಲೆಗೆ ‘ಎಲ್’ ಆಕಾರದ ಗುರುತು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಇನ್ನೊಂದು ನೇರ ಗುರುತು. ಕಾಗದದ ಮೂಲೆ ಮತ್ತು ಅಂಚನ್ನ ಇವಕ್ಕೆ ತಾಗಿಸಿ ಇಡಬೇಕು, ಅಷ್ಟೇ. ಗೆರೆಯ ಹಲಗೆಯಿಂದ ತೆಗೆದ ಪ್ರತಿಗಳನ್ನೇ ಬಣ್ಣದ ಹಲಗೆಗಳಿಗೂ ಅಂಟಿಸಿ ಕೆತ್ತೋದರಿಂದ ಗುರುತುಗಳು ತಾವಾಗೇ ಎಲ್ಲ ಹಲಗೆಗೂ ದಾಟಿಕೊಳ್ಳುತ್ತವೆ. ಈ ಗುರುತಿನ ಹೆಸರು ‘ಕೆಂತೋ’. ಅಂದಾಜು ತಪ್ಪಿದವರಿಗೆ ಜಪಾನೀಯರು ಇವತ್ತಿಗೂ ‘ಕೆಂತೋ-ಚಿಗಾಯ್’ ಅಂತಾರೆ, ಪದ ಅದೇ. ಇಷ್ಟು ಪಳಗಿದ ಮೇಲೇ 1765ರ ಹೊತ್ತಿಗೆ ಹರುನೊಬು ಮುಂತಾದವರ ಬಹುವರ್ಣದ ಚಿತ್ರಗಳು ಎಡೋ ಪೇಟೆಗೆ ಬಂದಿದ್ದು.

ಇನ್ನು ಅಚ್ಚು ಹಾಕೋನು. ಇವನ ಹತ್ತಿರ ಯಂತ್ರ ಇಲ್ಲ. ಹಲಗೆಗೆ ನೀರು, ಬಣ್ಣ, ಚೂರು ಅನ್ನದ ಗಂಜಿ ಹಾಕಿ ಬ್ರಷ್ಷಿನಲ್ಲಿ ಹರಡ್ತಾನೆ. ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆ ನಾರಿನಿಂದ ಮಾಡಿದ ಕಾಗದವನ್ನ ಒದ್ದೆ ಮಾಡಿ ಮೇಲಿಡ್ತಾನೆ. ನಾರು ಉದ್ದ ಇರೋದರಿಂದ ಎಷ್ಟು ಸಲ ತಿಕ್ಕಿದರೂ ಅದು ಹರಿಯಲ್ಲ. ತಿಕ್ಕೋದು ‘ಬಾರೆನ್’ ಅನ್ನೋ ಅಂಗೈಯಷ್ಟು ಬಿಲ್ಲೆಯಿಂದ. ಒಳಗೆ ಬಿದಿರಿನ ಹೊದಿಕೆಯನ್ನ ಹೊಸೆದು ಸುತ್ತಿದ ಹಗ್ಗ, ಹೊರಗೆ ಅದೇ ಬಿದಿರಿನ ಹೊದಿಕೆ. ಒತ್ತಡ ಎಲ್ಲಿ ಎಷ್ಟು ಅನ್ನೋದು ಅವನ ಭುಜಕ್ಕೇ ಗೊತ್ತಿರಬೇಕು. ಅಲೆಯ ಚಿತ್ರದಲ್ಲಿ ಫ್ಯೂಜಿಯ ಹಿಂದೆ ಆಕಾಶ ಗಾಢ ಬೂದಿಯಿಂದ ಮೆಲ್ಲಗೆ ತಿಳಿಯಾಗುತ್ತಲ್ಲ, ಅದನ್ನ ಯಾರೂ ಕೆತ್ತಿದ್ದಲ್ಲ. ಪ್ರತಿ ಹಾಳೆಗೂ ಹೊಸದಾಗಿ ಹಲಗೆಯ ಮೇಲೆ ಬಣ್ಣವನ್ನ ತೇಲಿಸಿ ತಂದ ಗ್ರೇಡಿಯೆಂಟ್ ಅದು.

ಆ ನೀಲಿಗೂ ಒಂದು ಕತೆ ಇದೆ. 1700ರ ದಶಕದ ಮೊದಲ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಕೆಂಪು ಬಣ್ಣ ಮಾಡೋಕೆ ಹೋದ ಒಬ್ಬನಿಗೆ ಆಕಸ್ಮಿಕವಾಗಿ ಸಿಕ್ಕಿದ್ದು ಈ ನೀಲಿ. ಪ್ರಷ್ಯನ್ ಬ್ಲೂ. ಡಚ್ಚರ, ಆಮೇಲೆ ಚೀನೀಯರ ಹಡಗಿನಲ್ಲಿ ನಾಗಸಾಕಿಗೆ ಬಂತು. ಜಪಾನೀಯರು ಅದನ್ನ ‘ಬೆರೋ’ ಅಂದ್ರು, ಬರ್ಲಿನ್ ಹೆಸರಿನ ತುಂಡು. ಅವರ ಹಳೆ ನೀಲಿಗಳಲ್ಲಿ ಹೂವಿನಿಂದ ತೆಗೆದದ್ದು ಬೇಗ ಮಾಸುತ್ತಿತ್ತು. ಇದು ಮಾಸೋದು ಕಷ್ಟ, ಜೊತೆಗೆ ಎಷ್ಟು ಗಾಢ ಬೇಕೋ ಅಷ್ಟು ಸಿಗ್ತಿತ್ತು. 1820ರ ದಶಕದ ಕೊನೆಗೆ ಬೆಲೆ ಇಳೀತು, ಪ್ರಕಾಶಕರು ಮುಗಿಬಿದ್ದರು. ಅಪ್ಪಟ ಜಪಾನ್ ಅಂತ ನಾವು ಅಂದುಕೊಂಡಿರೋ ಅಲೆಯೊಳಗೆ ಬಂದರಿನ ವ್ಯಾಪಾರವೂ ಇದೆ.

ಅಚ್ಚು ಹಾಕ್ತಾ ಹಾಕ್ತಾ ಹಲಗೆ ಸವೆಯುತ್ತೆ. ಬ್ರಿಟಿಷ್ ಮ್ಯೂಸಿಯಂನ ವಿಜ್ಞಾನಿ ಕ್ಯಾಪುಸಿನ್ ಕೊರೆನ್‌ಬರ್ಗ್ ಬೇರೆ ಬೇರೆ ಕಡೆ ಉಳಿದಿರೋ ಅಲೆಯ 111 ಪ್ರತಿಗಳನ್ನ ಗುರುತಿಸಿದ್ರು. ಎಡಗಡೆ ಶೀರ್ಷಿಕೆ ಇರೋ ಚೌಕದ ಗೆರೆ ಮೊದಲ ಪ್ರತಿಗಳಲ್ಲಿ ಪೂರ್ತಿ ಇದೆ, ಆಮೇಲಿನವುಗಳಲ್ಲಿ ಅಲ್ಲಲ್ಲಿ ಕಿತ್ತುಹೋಗಿದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಆ ಬಿರುಕುಗಳೇ ಹೇಳುತ್ತವೆ, ವರ್ಷನ್ ನಂಬರ್ ಹಾಗೆ. 2023ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಒಂದು ಪ್ರತಿ 27 ಲಕ್ಷ ಡಾಲರಿಗೂ ಮೇಲೆ ಹೋಯ್ತು. ನೂಡಲ್ಸ್ ಬೆಲೆಯ ಹಾಳೆ!

ಅದೇ ಚೌಕದ ಪಕ್ಕದಲ್ಲಿ ಹೊಕುಸಾಯ್ ಸಹಿ ಇದೆ. ಕೆತ್ತಿದವನದ್ದಿಲ್ಲ, ಅಚ್ಚು ಹಾಕಿದವನದ್ದೂ ಇಲ್ಲ. ಇದು ಹೊಕುಸಾಯ್ ಮಾಡಿದ ಅನ್ಯಾಯ ಅನ್ನೋಕಾಗಲ್ಲ. ಹುಡುಗನಾಗಿದ್ದಾಗ ಅವನೇ ಕೆತ್ತನೆ ಕಲಿತವನು. ಆ ಕೈಗಳ ಬೆಲೆ ಚೆನ್ನಾಗಿ ಗೊತ್ತಿತ್ತು. ವಯಸ್ಸಾದ ಮೇಲೆ ಪ್ರಕಾಶಕರಿಗೆ ಬರೆದ ಪತ್ರಗಳಲ್ಲಿ ಎಗಾವಾ ತೊಮೆಕಿಚಿ ಅನ್ನೋ ಕೆತ್ತನೆಗಾರನೇ ಬೇಕು ಅಂತ ಹಟ ಹಿಡಿದಿದ್ದ. ಬೇರೆಯವರು ತಾನು ಬರೆಯದ ಕಣ್ರೆಪ್ಪೆ ಸೇರಿಸ್ತಾರೆ, ತನ್ನ ಮೂಗಿನ ಬದಲು ಇನ್ನೊಂದು ಶಾಲೆಯ ಮೂಗು ಕೆತ್ತಿಬಿಡ್ತಾರೆ ಅನ್ನೋದು ಅವನ ದೂರು. ಎರಡೂ ಥರದ ಮೂಗನ್ನ ಬರೆದು ತೋರಿಸಿದ್ದ! ಕಣ್ಣು ಮೂಗು ಕೆತ್ತೋನ ಕೈಲಿದೆ ಅಂತ ಅವನಷ್ಟು ಸ್ಪಷ್ಟವಾಗಿ ಹೇಳಿದವರು ಕಮ್ಮಿ.

ಮರೆತದ್ದು ಪೇಟೆ, ಆಮೇಲೆ ಮ್ಯೂಸಿಯಂ, ಈಗ ನಾವು. ಒಂದು ಕೆಲಸಕ್ಕೆ ಒಂದೇ ಹೆಸರಿದ್ದರೆ ನೆನಪಿಡೋದು ಸುಲಭ ನೋಡಿ. ರಿಲೀಸ್ ಮೇಲಿನ ಮೇಯ್ಲ್‌ನಲ್ಲಿ ಯಾರ ಹೆಸರಿರುತ್ತೆ, ರಾತ್ರಿ ಕೂತವರು ಯಾರು ಅಂತ ನಮಗೇನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲೆಯ ನೊರೆಯನ್ನ ಒಂದು ಸಲ ಝೂಮ್ ಮಾಡಿ ನೋಡಿ. ಒಂದೊಂದು ಉಗುರಿನ ತುದಿಯೂ ಚೆರಿ ಮರದಲ್ಲಿ ಎರಡು ಬದಿಯಿಂದ ಸೀಳಿ ಬಿಡಿಸಿದ್ದು. ಅಲ್ಲಿ ಚಾಕು ಕೂದಲೆಳೆಯಷ್ಟು ಜಾರಿದ್ದರೂ ಇವತ್ತು ನೋಟಿನ ಮೇಲೆ ಬೇರೆಯೇ ಅಲೆ ಇರ್ತಿತ್ತು.